ಬಹುಮಾನ ಬಂದ ಮೇಲೆ

ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಬಂದರೆ ಪ್ರಶಸ್ತಿ ಪತ್ರಕ್ಕೆ ಕಟ್ಟು ಹಾಕಿಸುತ್ತೇವೆ. ವಿಷಯ ಅಲ್ಲಿಗೆ ಮುಗಿಯುತ್ತದೆ.

1785ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯ ಲ್ಯಾಟಿನ್ ಪ್ರಬಂಧಕ್ಕೆ ಒಂದು ವಿಷಯ ಕೊಟ್ಟಿತು: ಮನುಷ್ಯರನ್ನು ಬಲವಂತದಿಂದ ಗುಲಾಮರನ್ನಾಗಿ ಮಾಡುವುದು ನ್ಯಾಯವೇ? ಪಾದ್ರಿಯಾಗಲಿದ್ದ ಥಾಮಸ್ ಕ್ಲಾರ್ಕ್‌ಸನ್ ಬಹುಮಾನದ ಆಸೆಯಿಂದಲೇ ಬರೆದ, ಗೆದ್ದ. ಆದರೆ ಓದಿ ತಿಳಿದ ಸಂಗತಿಗಳು ಅವನನ್ನು ಬಿಡಲಿಲ್ಲ. ಲಂಡನ್ನಿನ ದಾರಿಯಲ್ಲಿ ಕುದುರೆಯಿಂದಿಳಿದು ರಸ್ತೆಬದಿಯಲ್ಲಿ ಕುಳಿತ. ಬರೆದದ್ದು ನಿಜವಾದರೆ ಯಾರಾದರೂ ಇದನ್ನು ಕೊನೆಗಾಣಿಸಬೇಕಲ್ಲವೇ ಎನಿಸಿತು.

ಆ ಕೆಲಸಕ್ಕೆ ತಾನೇ ಇಳಿದ. 1787ರಲ್ಲಿ ಹನ್ನೆರಡು ಜನರ ಸಮಿತಿ ಸೇರಿತು; ಅವರಲ್ಲಿ ಒಂಬತ್ತು ಮಂದಿ ಕ್ವೇಕರ್ ಪಂಥದ ಕ್ರೈಸ್ತರು. ಪ್ರಾರ್ಥನೆಯಷ್ಟೇ ಸಾಲದು, ಪುರಾವೆಯೂ ಬೇಕೆಂದು ಕ್ಲಾರ್ಕ್‌ಸನ್ ಬಂದರುಗಳನ್ನು ಸುತ್ತಿ ನಾವಿಕರ ಸಾಕ್ಷ್ಯ, ಕೈಕೋಳಗಳನ್ನು ಕೂಡಿಸಿ ತಂದ. ವಿಲ್ಬರ್‌ಫೋರ್ಸ್ ಪಾರ್ಲಿಮೆಂಟಿನಲ್ಲಿ ವಾದಿಸಿದರು. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು.

ನಮ್ಮಲ್ಲೂ ಜೀತಪದ್ಧತಿ ರದ್ದತಿ ಕಾಯ್ದೆ 1976ರಲ್ಲೇ ಬಂದಿದೆ. ಆದರೂ ಮುಂಗಡ ಸಾಲಕ್ಕಾಗಿ ಇಟ್ಟಿಗೆ ಗೂಡಿನಲ್ಲಿ ಸಿಕ್ಕಿಬೀಳುವ ಕುಟುಂಬಗಳಿವೆ. ಅವರನ್ನು ಬಿಡಿಸುವ ಅಧಿಕಾರ ಜಿಲ್ಲಾಡಳಿತಕ್ಕಿದೆ, ಕಂಡವರು ಹೇಳಬೇಕಷ್ಟೆ.

ತಂದೆತಾಯಂದಿರೇ, ಮಗುವಿನ ಪ್ರಬಂಧಕ್ಕೆ ಎಷ್ಟು ಅಂಕ ಬಂತೆಂದು ಕೇಳುತ್ತೀರಿ. ಬರೆದದ್ದು ನಿಜವಾದರೆ ಮುಂದೇನು ಮಾಡುತ್ತೀ ಎಂದೂ ಒಮ್ಮೆ ಕೇಳಿ.