ನಾಲ್ಕೂ ದೀಪ ಮಿಟುಕಿಸುವವರು
ಆಷಾಢದ ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮುಂದಿನ ಕಾರು ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತಾ ಹೋಗುತ್ತಿದ್ದರೆ ಹಿಂದಿನವನಿಗೆ ತಿಳಿಯುವುದೇನು? ನಿಂತಿದೆಯೋ, ಚಲಿಸುತ್ತಿದೆಯೋ, ಬಲಕ್ಕೆ ಹೊರಳುತ್ತದೋ, ಒಂದೂ ಗೊತ್ತಾಗದು. ಹಜಾರ್ಡ್ ದೀಪ ಇರುವುದು ಕೆಟ್ಟು ನಿಂತ ಗಾಡಿಗೆ. ಬಹುತೇಕ ಕಾರುಗಳಲ್ಲಿ ಅದನ್ನು ಹಾಕಿದ ಮೇಲೆ ತಿರುವಿನ ಸೂಚನೆ ಕೊಡಲೂ ಆಗುವುದಿಲ್ಲ. ಆದರೂ ನಮ್ಮವರಿಗೆ ಅದು ಮಳೆಗಾಲದ ಅಲಂಕಾರ. ಬೇಕಾದದ್ದು ಡಿಮ್ ಮಾಡಿದ ಹೆಡ್‌ಲೈಟ್. ಹೈ ಬೀಮ್ ಹಾಕಿದರೆ ಬೆಳಕು ಮಳೆಹನಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ, ಎದುರಿನವನ ಬೈಗುಳ ಬೇರೆ. ಇನ್ನು ಟೈರು. ಕಾರಿನ ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕು, ಬೈಕಿಗೆ 0.8 ಎನ್ನುತ್ತವೆ ಕೇಂದ್ರದ ಮೋಟಾರು ವಾಹನ ನಿಯಮಗಳು. ಚಕ್ರದಡಿಯ ನೀರನ್ನು ಆಚೆ ತಳ್ಳುವುದೇ ಆ ಗೀರು. ಅದು ಸವೆದು ಬೋಳಾದರೆ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ. ಆಗ ಬ್ರೇಕ್ ಒತ್ತಿದಿರೋ, ಕೆಟ್ಟಿರಿ. ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆದು ಸ್ಟೇರಿಂಗ್ ನೇರ ಹಿಡಿಯಬೇಕು. ಸಾವಿರಾರು ರೂಪಾಯಿಯ ಸ್ಪೀಕರ್ ಹಾಕಿಸುವವರು ವೈಪರ್ ರಬ್ಬರ್ ಬದಲಿಸಲು ಮಾತ್ರ ಯಾಕೆ ಹಿಂದೆಮುಂದೆ ನೋಡುತ್ತಾರೋ! ನಗರದಲ್ಲಿ ಭಯ ಅಂಡರ್‌ಪಾಸಿನದು. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಬಳಿಯ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಜೀವ ಕಳೆದುಕೊಂಡರು. ನೀರಿನ ಆಳ ಮೇಲಿಂದ ಕಾಣುವುದಿಲ್ಲ. ಮುಂದಿನ ಗಾಡಿ ದಾಟಿತೆಂದು ನುಗ್ಗುವವರು ಅದು ಬಸ್ಸೋ ಕಾರೋ ಎಂದಾದರೂ ನೋಡಿಕೊಳ್ಳಲಿ.