ಆಟ ಕಂಪನಿಯದು, ಹಳಿ ನಮ್ಮದು

ಚಿಕ್ಕೋಡಿ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಚಿಕ್ಕೋಡಿ ಸಿಗುವುದಿಲ್ಲ. ಊರು ಇನ್ನೂ ದೂರ, ಬಸ್ಸೋ ಟಂಟಮ್ಮೋ ಹಿಡಿಯಬೇಕು. ಆದರೂ ರೈಲ್ವೆಯವರು 'ರೋಡ್' ಅಂತ ಒಂದು ಸುಳಿವಾದರೂ ಕೊಟ್ಟಿದ್ದಾರೆ. ಟ್ರೇನ್ ಸಿಮ್ಯುಲೇಟರ್ ಮಾಡುವವರು ಅಷ್ಟೂ ಕೊಡುವುದಿಲ್ಲ. ನೀವು ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಕಂಪ್ಯೂಟರಿನ ಯಾವ ಫೋಲ್ಡರಿನಲ್ಲಿ ಬಿದ್ದಿದೆ ಅಂತ ಹುಡುಕಿ ನೋಡಿ, ಗೊತ್ತಾಗುತ್ತದೆ.

'ಆಟ ತಾನೇ, ಬಿಡಪ್ಪ' ಅನ್ನುವವರಿಗೆ ಒಂದು ಮಾತು. ಇದರಲ್ಲಿ ಮುಳುಗಿರುವ ಹಲವರು ರೈಲು ಓಡಿಸುವುದಕ್ಕಿಂತ ಹಳಿ ಕಟ್ಟುವುದೇ ಹೆಚ್ಚು. ರಾಯಬಾಗ ತಾಲ್ಲೂಕಿನ ನನ್ನ ಗೆಳೆಯನೊಬ್ಬ ಕುಡಚಿಯಿಂದ ಶೇಡಬಾಳದ ತನಕದ ಮಾರ್ಗ ಕಟ್ಟುತ್ತಿದ್ದ. ಈಗಿನದಲ್ಲ, 1990ರ ದಶಕದಲ್ಲಿ ಬ್ರಾಡ್ ಗೇಜ್ ಬಂದು ಅಳಿಸಿಹೋದ ಮೀಟರ್ ಗೇಜ್ ಹಳಿ. ಕೃಷ್ಣಾ ಹೊಳೆಯ ಸೇತುವೆ, ಉಗಾರದ ಸಕ್ಕರೆ ಕಾರ್ಖಾನೆಯ ಚಿಮಣಿ, ಹಳಿ ಪಕ್ಕದ ಕಬ್ಬು. ಸಿಗ್ನಲ್ ಕಂಬ ಎಲ್ಲಿತ್ತು, ನೀರಿನ ಟಾಕಿ ಯಾವ ಕಡೆಗಿತ್ತು ಅಂತ ಹಿರಿಯರನ್ನು ಕೇಳಿ ಕೇಳಿ ಇಟ್ಟಿದ್ದ. ಎರಡು ವರ್ಷ, ದಿನಾ ರಾತ್ರಿ ಊಟ ಆದ ಮೇಲೆ. ಕಂಪ್ಯೂಟರ್ ನಿಧಾನ ಆಯಿತು ಅಂತ ಅಂಗಡಿಗೆ ಕೊಟ್ಟ. ಅವರು ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಫೋಟೋ ಎಲ್ಲ ಜೋಪಾನವಾಗಿ ತೆಗೆದಿಟ್ಟು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರು. "ಗೇಮ್ ಅಷ್ಟ ಹೋಗೇತ್ರಿ, ಸಿಡಿ ಇದ್ರ ಮತ್ತ ಹಾಕಿ ಕೊಡ್ತೀನಿ ತಗೋರಿ" ಅಂದರಂತೆ.

ಅಂಗಡಿಯವರನ್ನು ಬೈಯಲು ನನಗೆ ಮನಸ್ಸಿಲ್ಲ. ಬಳಕೆದಾರರ ವಸ್ತು ಎಲ್ಲಿರಬೇಕೋ ಅಲ್ಲೆಲ್ಲ ಅವರು ನೋಡಿದ್ದಾರೆ. ಇರಬೇಕಾದ ಜಾಗದಲ್ಲಿ ಅದು ಇರಲಿಲ್ಲ. ಹಾಗೆ ಮಾಡಿದವರು ನಮ್ಮಂಥ ಬಿಇ ಪದವೀಧರರು.

ಗೆಳೆಯನ ಆಟದ ಹೆಸರು ಇಲ್ಲಿ ಬೇಡ. ಎಲ್ಲರಿಗೂ ಗೊತ್ತಿರುವ ಉದಾಹರಣೆ ತೆಗೆದುಕೊಳ್ಳೋಣ. ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್ 2001ರಲ್ಲಿ ಬಂತು. ಕಂಪನಿ ಕೊಟ್ಟ ಆರು ಮಾರ್ಗಗಳೂ ನೀವು ಕಟ್ಟಿದ ಮಾರ್ಗವೂ ಒಂದೇ 'ರೂಟ್ಸ್' ಫೋಲ್ಡರಿನಲ್ಲಿ. ಅವರ ಎಂಜಿನ್ನುಗಳೂ ನೀವು ಇಳಿಸಿಕೊಂಡ ನಮ್ಮ ಡಬ್ಲ್ಯೂಡಿಎಂ-2 ಕೂಡ ಒಂದೇ 'ಟ್ರೇನ್‌ಸೆಟ್'ನಲ್ಲಿ. ಇಡೀ ಗಂಟು ಪ್ರೋಗ್ರಾಮ್ ಫೈಲ್ಸ್ ಒಳಗೆ. 2007ರಲ್ಲಿ ವಿಸ್ತಾ ಬಂದಾಗ ಆ ಜಾಗಕ್ಕೆ ಬೀಗ ಬಿತ್ತು. ಹಳೆಯ ಆಟಗಳು ನಿಂತುಹೋಗಬಾರದಲ್ಲ, ಅದಕ್ಕೊಂದು ಉಪಾಯ ಮಾಡಿದರು: ಅಲ್ಲಿಗೆ ಬರೆದದ್ದನ್ನು ಸದ್ದಿಲ್ಲದೆ ಆಪ್‌ಡೇಟಾದೊಳಗಿನ ವರ್ಚುವಲ್‌ಸ್ಟೋರ್‌ಗೆ ತಿರುಗಿಸುವುದು. ಆಪ್‌ಡೇಟಾ ಮೊದಲೇ ಕಣ್ಣಿಗೆ ಕಾಣದ ಫೋಲ್ಡರ್. ಪ್ರೋಗ್ರಾಮ್ ಫೈಲ್ಸ್ ತೆರೆದರೆ ಹಳೆಯ ಫೈಲು, ಆಟ ತೆರೆದರೆ ಹೊಸದು! ಈ ಸ್ಥಿತಿಯಲ್ಲಿ 'ಬ್ಯಾಕಪ್ ತಗೋಬೇಕಿತ್ತಪ್ಪ' ಅಂತ ಉಪದೇಶ ಮಾಡುವವರಿಗೆ ನನ್ನ ಪ್ರಶ್ನೆ: ಯಾವುದರ ಬ್ಯಾಕಪ್?

ಟ್ರೈನ್ಜ್ ಈ ವಿಷಯದಲ್ಲಿ ಸ್ವಲ್ಪ ಮರ್ಯಾದಸ್ಥ. 'ಯೂಸರ್‌ಡೇಟಾ' ಅಂತಲೇ ಒಂದು ಫೋಲ್ಡರ್ ಇಟ್ಟಿತು, ಸೆಟ್ಟಿಂಗ್ಸ್‌ನಲ್ಲಿ ಹೇಳಿದರೆ ಬೇರೆ ಡ್ರೈವಿಗೂ ಹೋಗುತ್ತದೆ. ಒಳಗೆ ಇಣುಕಿದರೆ ಮಾತ್ರ 'ಹ್ಯಾಶ್' ಎಂದು ಶುರುವಾಗುವ ಸಾಲು ಸಾಲು ಫೋಲ್ಡರು, ಒಂದೊಂದರಲ್ಲೂ ಬರೀ ನಂಬರು. ಉಗಾರ ಅಂತ ಹುಡುಕಿದರೆ ಉಗಾರ ಸಿಗದು. ಪುಕ್ಕಟೆ ಸಿಗುವ ಓಪನ್ ರೈಲ್ಸ್ ನನಗೆ ಇಷ್ಟ. ನನ್ನ ಮಾರ್ಗ ಎಲ್ಲಿದೆ ಅಂತ ನಾನು ಹೇಳುತ್ತೇನೆ, ಅದು ಕೇಳುತ್ತದೆ. ಆದರೆ ಅರ್ಧ ದಾರಿಯಲ್ಲಿ ಸೇವ್ ಮಾಡಿದ ಓಟ ಮಾತ್ರ ಮತ್ತೆ ಆಪ್‌ಡೇಟಾಕ್ಕೇ.

ಫೋನಿನ ಕಥೆ ಇನ್ನೂ ಕೆಟ್ಟದ್ದು. ನಿಪ್ಪಾಣಿಗೆ ರೈಲಿಲ್ಲ, ಅಥಣಿಗೂ ಇಲ್ಲ. ಅಲ್ಲಿಯ ಹುಡುಗರಿಗೆ ಸದ್ಯಕ್ಕೆ ಊರಿನ ರೈಲು ಅಂದರೆ ಅಂಗೈಯಲ್ಲಿರುವ ಪರದೆಯೇ. ಆಂಡ್ರಾಯ್ಡ್ 11ರಿಂದ ಈಚೆಗೆ ಆಪ್‌ಗಳು ಡೇಟಾ ಇಡುವ ಫೋಲ್ಡರು ಸಾಮಾನ್ಯ ಫೈಲ್ ಮ್ಯಾನೇಜರಿಗೆ ತೆರೆಯುವುದಿಲ್ಲ. ಆಪ್ ತೆಗೆದರೆ ಅದೂ ಜೊತೆಗೆ ಹೋಗುತ್ತದೆ. ಒಂದು ಆಪ್ ಇನ್ನೊಂದರ ಗಂಟು ಬಿಚ್ಚಬಾರದು, ಸರಿ, ಒಪ್ಪಿದೆ. ಯಜಮಾನನಿಗೂ ಬೀಗ ಹಾಕುವುದು ಯಾವ ನ್ಯಾಯ?

ಮೀಟಿಂಗುಗಳಲ್ಲಿ ಇದಕ್ಕೆ ಸಿದ್ಧ ಉತ್ತರ ಇದೆ: "ಯೂಸರ್ ಕೈಗೆ ಸಿಕ್ಕರೆ ಡಿಲೀಟ್ ಮಾಡಿಬಿಡ್ತಾನೆ." ಆಟದ ಎಂಜಿನ್ ಫೈಲು ಡಿಲೀಟ್ ಮಾಡಿದರೆ ಮತ್ತೆ ಇನ್‌ಸ್ಟಾಲ್ ಮಾಡಬಹುದಲ್ಲ. ಇಡೀ ಜಗತ್ತಿನಲ್ಲಿ ಒಂದೇ ಪ್ರತಿ ಇರುವುದು ಅವನ ಕೆಲಸದ್ದು. ಅದನ್ನೇ ಅವನಿಂದ ಬಚ್ಚಿಟ್ಟರೆ ಹೇಗೆ? ನಮ್ಮ ಹಳ್ಳಿಯಲ್ಲಿ ಜೋಳದ ಹಗೇವಿನ ಬಾಯಿ ಎಲ್ಲಿದೆ ಅಂತ ಮನೆಯವರಿಗೆ ಗೊತ್ತಿರುತ್ತಿತ್ತು, ಕಳ್ಳರಿಗೆ ಗೊತ್ತಿರುತ್ತಿರಲಿಲ್ಲ. ನಾವು ಹಗೇವು ತೋಡಿ ಮನೆಯವರಿಗೇ ಜಾಗ ಹೇಳದೆ ಬಂದಿದ್ದೇವೆ.

ಆಫೀಸಿನಲ್ಲಿ ಬ್ಯಾಂಕಿನ ಡೇಟಾ ಅಂದರೆ ಮೂರು ಕಡೆ ನಕಲು ಇಡುತ್ತೇವೆ, ಆಡಿಟ್‌ಗೆ ಹೆದರುತ್ತೇವೆ. ದುಡ್ಡು ಕೊಟ್ಟು ಆಟ ಕೊಂಡವನು, ಅದರೊಳಗೆ ಕೂಲಿಯಿಲ್ಲದೆ ದುಡಿದವನು ಮಾತ್ರ ಆಪ್‌ಡೇಟಾ ಕತ್ತಲೆಯಲ್ಲಿ ತಡಕಾಡಲಿ ಅನ್ನುತ್ತೇವೆ. ನಾನು ಕೇಳುವುದು ದೊಡ್ಡದೇನಲ್ಲ. ಇನ್‌ಸ್ಟಾಲ್ ಮಾಡುವಾಗಲೇ 'ನಿಮ್ಮ ಕೆಲಸ ಎಲ್ಲಿಡಲಿ' ಅಂತ ಕೇಳಲಿ. ಮೊದಲ ಪರದೆಯಲ್ಲೇ 'ನನ್ನ ಫೋಲ್ಡರ್ ತೆರೆ' ಅಂತ ಒಂದು ಬಟನ್ ಇರಲಿ. ತೆಗೆದುಹಾಕುವಾಗ ಅದನ್ನು ಮುಟ್ಟದಿರಲಿ. ಆ ಬಟನ್ ಬರೆಯಲು ನಮ್ಮಲ್ಲಿ ಯಾರಿಗಾದರೂ ಒಂದು ಮಧ್ಯಾಹ್ನ ಸಾಕು.

ಅದು ಬರುವ ತನಕ ಹಳೆಯ ಆಟದಲ್ಲಿ ಮಾರ್ಗ ಕಟ್ಟುತ್ತಿರುವವರು 'ರೂಟ್ಸ್' ಒಂದನ್ನೇ ಎತ್ತಿಟ್ಟು ಸುಮ್ಮನಾಗಬೇಡಿ. ಎಂಜಿನ್, ಡಬ್ಬಿಗಳು 'ಟ್ರೇನ್‌ಸೆಟ್'ನಲ್ಲಿ, ಅವನ್ನು ಜೋಡಿಸಿದ ಪಟ್ಟಿ 'ಕನ್ಸಿಸ್ಟ್ಸ್'ನಲ್ಲಿ ಇರುತ್ತದೆ. 'ಗ್ಲೋಬಲ್' ಬಿಟ್ಟರೆ ಹಳಿಯೇ ಕಾಣುವುದಿಲ್ಲ. ನಾಲ್ಕನ್ನೂ ಎರಡು ಪೆನ್‌ಡ್ರೈವಿಗೆ ಹಾಕಿ, ಒಂದನ್ನು ಊರಿನಲ್ಲಿ ಅಣ್ಣನ ಕೈಗೆ ಕೊಡಿ.