ತೂತಿ ಎಂದರೆ ಗಿಳಿಯಲ್ಲ



ಹೇಳಿದ ಮಾತು ಯಾರ ಕಿವಿಗೂ ಬೀಳದಿದ್ದಾಗ ನಮ್ಮ ಮನೆಗಳಲ್ಲಿ ಹಿರಿಯರು "ನಕ್ಕಾರಖಾನೇ ಮೇ ತೂತೀ ಕೀ ಆವಾಜ್" ಎನ್ನುವುದನ್ನು ನೀವು ಕೇಳಿರಬಹುದು. ನಗಾರಿಗಳು ಮೊಳಗುವಲ್ಲಿ ತೂತಿಯ ದನಿ ಯಾರಿಗೆ ಕೇಳೀತು ಎಂದು ಅದರ ಅರ್ಥ. ತೂತಿ ಎಂದರೆ ಗಿಳಿ ಎಂದು ಯಶವಂತಪುರದ ಮಕ್ಕಳಿಗೆ ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಒಂದು ದಿನ ಒಬ್ಬ ಹುಡುಗಿ ಎದ್ದು ನಿಂತು, "ಹಜ್ರತ್, ನಮ್ಮ ಪಕ್ಕದ ಮನೆಯ ಗಿಳಿ ಕಿರುಚಿದರೆ ಬೀದಿಗೆಲ್ಲ ಕೇಳಿಸುತ್ತದೆ. ಅದರ ದನಿ ಸಣ್ಣದು ಹೇಗಾಯಿತು?" ಎಂದಳು. ತರಗತಿಯೆಲ್ಲ ನಕ್ಕಿತು. ನನಗೆ ಉತ್ತರ ಹೊಳೆಯಲಿಲ್ಲ.

ಮನೆಗೆ ಬಂದು ನಿಘಂಟು ತೆರೆದೆ. ಉರ್ದುವಿನಲ್ಲಿ ಎರಡು ತೂತಿಗಳಿವೆ. 'ತೋಯ್' ಅಕ್ಷರದಿಂದ ಬರೆಯುವುದು ಫಾರ್ಸಿಯ ಗಿಳಿ. ನಖ್ಶಬಿಯವರ 'ತೂತಿನಾಮಾ'ದಲ್ಲಿ ಕಥೆ ಹೇಳುವುದು ಅದೇ. 'ತೇ' ಅಕ್ಷರದ್ದು ಗುಬ್ಬಿಯ ಗಾತ್ರದ, ಇಂಪಾಗಿ ಹಾಡುವ ಬೇರೊಂದು ಹಕ್ಕಿ. ತೂತ್, ಅಂದರೆ ಹಿಪ್ಪುನೇರಳೆ ಹಣ್ಣನ್ನು ತಿನ್ನುವುದರಿಂದ ಆ ಹೆಸರು ಬಂತು ಎನ್ನುವವರಿದ್ದಾರೆ. ನಾಲಿಗೆಯ ಮೇಲೆ ಎರಡೂ ಒಂದೇ ಆದ್ದರಿಂದ ನನ್ನಂತಹವರು ಎಡವುತ್ತೇವೆ.

ಪಕ್ಷಿತಜ್ಞರು ಈ ಹಕ್ಕಿಯನ್ನು ರೋಸ್‌ಫಿಂಚ್ ಎನ್ನುತ್ತಾರೆ. ನಮ್ಮ ಗುಬ್ಬಿ, ರಾಟವಾಳಗಳು ನೋಡಲು ಇದರಂತೆಯೇ ಇದ್ದರೂ ಅವುಗಳ ಕುಟುಂಬಗಳು ಬೇರೆ. ಇದು ನಿಜವಾದ ಫಿಂಚ್ ಕುಟುಂಬದ್ದು. 1770ರಲ್ಲಿ ಪಲ್ಲಾಸ್ ಎಂಬ ವಿಜ್ಞಾನಿ ಇದನ್ನು ವಿವರಿಸಿದಾಗ, ಕತ್ತರಿಕೊಕ್ಕಿನ ಫಿಂಚ್‌ಗಳ ಜೊತೆ ಸೇರಿಸಿದ್ದರು. ಈಗಿನ ಹೆಸರು ಕಾರ್ಪೊಡಾಕಸ್ ಎರಿಥ್ರಿನಸ್, ಎಂದರೆ ಹಣ್ಣು ಕಚ್ಚುವ ಕೆಂಪು ಹಕ್ಕಿ. ಅಮೆರಿಕದ ಕೆಲವು ಕೆಂಪು ಫಿಂಚ್‌ಗಳನ್ನೂ ಬಹುಕಾಲ ಇದೇ ಗುಂಪಿನಲ್ಲಿ ಇಟ್ಟಿದ್ದರು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಅವುಗಳನ್ನು ಬೇರ್ಪಡಿಸಿದರು. ದೊಡ್ಡವರೂ ಹೆಸರಿನಲ್ಲಿ ಎಡವಿದ್ದಾರೆಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು!

ಫಿನ್‌ಲ್ಯಾಂಡ್, ಸೈಬೀರಿಯಾದಿಂದ ಹಿಡಿದು ಹಿಮಾಲಯದವರೆಗೆ ಇದು ಗೂಡು ಕಟ್ಟುತ್ತದೆ. ಯುರೋಪಿನ ಬಹಳಷ್ಟು ವಲಸೆ ಹಕ್ಕಿಗಳು ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋದರೆ, ಇದು ಪೂರ್ವಕ್ಕೆ ತಿರುಗಿ ನಮ್ಮ ಕಡೆಗೆ ಬರುತ್ತದೆ. ಸುಮಾರು ಇಪ್ಪತ್ತೈದು ಗ್ರಾಂ ಮಾತ್ರ ತೂಗುವ ಜೀವ! ನಮಗೆ ಹತ್ತಿರದ ನಂದಿಬೆಟ್ಟದಲ್ಲೂ ಚಳಿಗಾಲದಲ್ಲಿ ಇದನ್ನು ಕಂಡವರಿದ್ದಾರೆ. ಲಂಟಾನ ಪೊದೆ, ಬಿದಿರಿನ ಬೀಜ, ಹಣ್ಣು, ಮೊಗ್ಗು ಇದರ ಆಹಾರ.

ಗಂಡಿನ ತಲೆ, ಎದೆ, ಸೊಂಟ ಕೆಂಪು. ಹೆಣ್ಣು ಮಾಸಲು ಕಂದು. ಎದೆಯ ಮೇಲೆ ಗೀರುಗಳು, ರೆಕ್ಕೆಯಲ್ಲಿ ಎರಡು ತಿಳಿ ಪಟ್ಟಿ. ಗುಬ್ಬಿಯೆಂದು ಕಡೆಗಣಿಸಬೇಡಿ. ದಪ್ಪ ಕೊಕ್ಕು, ಸಪ್ಪೆ ಮುಖದಲ್ಲಿ ಎದ್ದು ಕಾಣುವ ಕಪ್ಪು ಮಣಿಯಂತಹ ಕಣ್ಣು, ತುದಿಯಲ್ಲಿ ಸೀಳಿದ ಬಾಲ ನೋಡಿದರೆ ಗುರುತು ಸಿಗುತ್ತದೆ. ಮೊದಲ ವರ್ಷದ ಗಂಡು ಕೂಡ ಹೆಣ್ಣಿನಂತೆಯೇ ಕಂದು. ಆ ಬಣ್ಣದಲ್ಲೇ ಹಾಡುತ್ತದೆ, ಸಂಸಾರವನ್ನೂ ಹೂಡುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಹಿಂದೆ ಉತ್ತರ ಭಾರತದಲ್ಲಿ ಹಾಡಿಗಾಗಿ ತೂತಿಯನ್ನು ಪಂಜರದಲ್ಲಿ ಸಾಕುತ್ತಿದ್ದರು. ಅದರ ಕೆಂಪು ಬರುವುದು ಬಯಲಿನಲ್ಲಿ ತಿಂದ ಆಹಾರದಿಂದ. ಪಂಜರದಲ್ಲಿ ಬರೀ ಕಾಳು ತಿಂದ ಹಕ್ಕಿಗೆ ಗರಿ ಉದುರಿ ಹೊಸ ಗರಿ ಬಂದಾಗ ಆ ಕೆಂಪು ಮರಳುವುದಿಲ್ಲ, ಮಾಸಲು ಹಳದಿಯಾಗುತ್ತದೆ. ಚೆಂದವೆಂದು ಹಿಡಿದು ತಂದವರ ಕೈಯಲ್ಲೇ ಆ ಚೆಂದ ಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡುಹಕ್ಕಿಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಮನೆಮನೆಯಲ್ಲಿ ಸಾಕುವ ನಮ್ಮ ಹಸಿರು ಗಿಳಿಗೂ ಇದು ಅನ್ವಯಿಸುತ್ತದೆ. ಆ ಹುಡುಗಿಯ ಪಕ್ಕದ ಮನೆಯವರಿಗೆ ಇದನ್ನು ನೋವಾಗದಂತೆ ಹೇಗೆ ಹೇಳಲಿ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಮರುದಿನ ತರಗತಿಯಲ್ಲಿ ನನ್ನ ತಪ್ಪು ಒಪ್ಪಿಕೊಂಡೆ. ಮಕ್ಕಳು ಎರಡೂ ತೂತಿಗಳನ್ನು ಬೋರ್ಡಿನ ಮೇಲೆ ಬರೆದರು. "ಯಶವಂತಪುರಕ್ಕೆ ಅದು ಬರುತ್ತದೆಯೇ ಹಜ್ರತ್?" ಎಂದು ಅದೇ ಹುಡುಗಿ ಕೇಳಿದಳು. ಹೊರಗೆ ಲಾರಿಗಳ ಹಾರ್ನ್ ಮುಗಿಯುವವರೆಗೆ ಕಾದು, ಬಂದರೂ ನಮಗೆ ಕೇಳಿಸಬೇಕಲ್ಲ ಎಂದೆ.